ಭಾನುವಾರದ ಕೋಳಿ, ವಾರವಿಡೀ ಸೊಪ್ಪು

1931ರ ಫೆಬ್ರುವರಿ. ಅಮೆರಿಕ ಆರ್ಥಿಕ ಕುಸಿತದಲ್ಲಿ ಸಿಕ್ಕಿಕೊಂಡಿತ್ತು. ಬ್ಯಾಂಕುಗಳು ಬಾಗಿಲು ಹಾಕುತ್ತಿದ್ದವು, ಹತ್ತಿಯನ್ನು ಕೇಳುವವರಿರಲಿಲ್ಲ. ಆ ಹೊತ್ತಿನಲ್ಲಿ ಜಾರ್ಜಿಯಾದ ‘ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್’ ಪತ್ರಿಕೆಗೂ ಲೂಸಿಯಾನ ರಾಜ್ಯದ ಗವರ್ನರ್ ಹ್ಯೂಯಿ ಲಾಂಗ್‌ಗೂ ಒಂದು ದೊಡ್ಡ ಜಗಳ ಹತ್ತಿಕೊಂಡಿತು. ಸೊಪ್ಪು ಬೇಯಿಸಿ ಬಸಿದ ಕಟ್ಟಿಗೆ ಮೆಕ್ಕೆಜೋಳದ ರೊಟ್ಟಿಯನ್ನು ಅದ್ದಿ ತಿನ್ನಬೇಕೋ, ಪುಡಿಮಾಡಿ ಕಲಸಿ ತಿನ್ನಬೇಕೋ ಎಂಬುದೇ ವಿಷಯ. ಲಾಂಗ್ ಅದ್ದುವ ಪಂಗಡ, ಪತ್ರಿಕೆ ಪುಡಿಮಾಡುವ ಪಂಗಡ. ಓದುಗರಿಂದ ನೂರಾರು ಕಾಗದಗಳು ಬಂದವು. ಆಗ ನ್ಯೂಯಾರ್ಕಿನ ಗವರ್ನರ್ ಆಗಿದ್ದ, ಮುಂದೆ ರಾಷ್ಟ್ರಾಧ್ಯಕ್ಷನಾಗಲಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ ಸುಮ್ಮನಿರಲಾರದೆ ತನ್ನದೊಂದು ಮಾತು ಸೇರಿಸಿದ.

ಮುದ್ದೆಯನ್ನು ಅಗಿಯುವವನನ್ನು ಕಂಡು ಮುಸಿಮುಸಿ ನಗುವ ಮಂಡ್ಯ, ಹಾಸನದ ಕಡೆಯವರಿಗೆ ಈ ಜಗಳ ಅರ್ಥವಾಗದ್ದೇನಲ್ಲ. ಅಲ್ಲಿನವರು ‘ಪಾಟ್‌ಲಿಕ್ಕರ್’ ಎನ್ನುವ ಆ ಹಸಿರು ನೀರು ನಮ್ಮ ಬಸ್ಸಾರಿನ ಕಟ್ಟಿಗೆ ತೀರ ಹತ್ತಿರದ್ದು. ಆದರೆ ಅದರ ಹಿಂದೆ ನಮ್ಮ ಬಸ್ಸಾರಿಗಿಲ್ಲದ ಒಂದು ಕಥೆಯಿದೆ. ತೋಟದ ದೊರೆಯ ದೊಡ್ಡಮನೆಗೆ ಸೊಪ್ಪು ಹೋಗುತ್ತಿತ್ತು, ಬೇಯಿಸಿದ ಗುಲಾಮ ಹೆಂಗಸಿಗೆ ಬಸಿದ ನೀರು ಉಳಿಯುತ್ತಿತ್ತು, ಸತ್ವವೆಲ್ಲ ಆ ನೀರಿನಲ್ಲೇ ಇತ್ತು ಎಂದು ಅಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಉಳಿಕೆಯ ನೀರು ಮುಂದೆ ಬಿಳಿಯ ರಾಜಕಾರಣಿಯೂ ಎದೆತಟ್ಟಿ ಹೇಳಿಕೊಳ್ಳುವ ‘ನಮ್ಮೂರ ರುಚಿ’ಯಾಯಿತು. 1931ರ ಆ ತಮಾಷೆಯ ಜಗಳದಲ್ಲಿ ಎಲ್ಲರೂ ಮಾತಾಡಿದರು. ಕಟ್ಟು ಬಸಿದ ಕೈ ಯಾರದೆಂದು ಮಾತ್ರ ಯಾರಿಗೂ ಮುಖ್ಯವಾಗಲಿಲ್ಲ.

ಅಮೆರಿಕದ ದಕ್ಷಿಣದಲ್ಲಿ ಹುಟ್ಟಿ ಬೆಳೆದವರಿಗೆ ಊಟದೊಡನೆ ಬೇರೆಯದೇ ಒಂದು ನಂಟಿರುತ್ತದೆ ಎಂಬ ಮಾತು ಬಹಳ ಹಳೆಯದು. ಆತ್ಮಕಥೆಗಳು, ಅಡುಗೆ ಪುಸ್ತಕಗಳು, ಕಾದಂಬರಿಗಳು, ಇತ್ತೀಚೆಗೆ ವೈದ್ಯಕೀಯ ಪತ್ರಿಕೆಗಳೂ ಇದನ್ನೇ ಹೇಳುತ್ತ ಬಂದಿವೆ. ಆ ನಂಟು ಎಂಥದು ಎಂದು ಕೇಳಿದರೆ ಮಾತ್ರ ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಕೂಡುವುದಿಲ್ಲ.

ದಕ್ಷಿಣ ಎಂದರೆ ಇಲ್ಲಿ 1860-61ರಲ್ಲಿ ಒಕ್ಕೂಟದಿಂದ ಸಿಡಿದು ಹೊರಬಂದ 11 ರಾಜ್ಯಗಳು, ಜೊತೆಗೆ ಅವುಗಳ ಅಂಚಿನ ಕೆಂಟಕಿಯಂಥ ನೆರೆಯವು. ಇಡೀ ನಾಡಿಗೆ ಒಂದೇ ಅಡುಗೆಯೇನಿಲ್ಲ. ದಕ್ಷಿಣ ಕೆರೊಲಿನಾದ ಕರಾವಳಿಯವರು ಅನ್ನ ತಿನ್ನುವವರು. ಅಪಲಾಚಿಯನ್ ಬೆಟ್ಟದವರು ಹುರುಳಿಕಾಯಿ ಒಣಗಿಸಿಡುವವರು, ಜೋಳದ ದಂಟಿನ ಕಾಕಂಬಿ ಕಾಯಿಸುವವರು. ಲೂಸಿಯಾನದವರಿಗೆ ಗಂಬೋ ಎಂಬ ಗಟ್ಟಿ ಸಾರು ಇಲ್ಲದೆ ಆಗದು. ಆದರೂ ಮೆಕ್ಕೆಜೋಳ, ಹಂದಿ, ಸೊಪ್ಪು, ಕಾಳು, ಗೆಣಸು ಎಲ್ಲ ಕಡೆಯೂ ಕಾಣಿಸಿಕೊಳ್ಳುತ್ತವೆ. ಹಳ್ಳಿಗಳ ಕಡೆ ‘ಡಿನ್ನರ್’ ಎಂದರೆ ಇಂದಿಗೂ ಮಧ್ಯಾಹ್ನದ ಊಟ, ರಾತ್ರಿಯದು ‘ಸಪ್ಪರ್’. ಬಂದವರನ್ನು ಮೊದಲು ಉಂಡಿರಾ ಎಂದು ಕೇಳಿ ಆಮೇಲೆ ಮಿಕ್ಕ ಮಾತು ಎತ್ತುವ ರೂಢಿಯೂ ಉಂಟು. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಕ್ಕರೆಯ ಉತ್ತರವನ್ನು ಎಡ್ನಾ ಲೂಯಿಸ್ ಬರೆದಷ್ಟು ಚೆನ್ನಾಗಿ ಬೇರೆ ಯಾರೂ ಬರೆದಿಲ್ಲ. ಆಕೆ ಹುಟ್ಟಿದ್ದು 1916ರಲ್ಲಿ, ವರ್ಜೀನಿಯಾದ ಫ್ರೀಟೌನ್ ಎಂಬ ಪುಟ್ಟ ಊರಿನಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದವರು ತಾವೇ ಕಟ್ಟಿಕೊಂಡ ಊರದು. ಕಟ್ಟಿದವರಲ್ಲಿ ಆಕೆಯ ಅಜ್ಜನೂ ಒಬ್ಬ. 1976ರಲ್ಲಿ ಬಂದ ಆಕೆಯ ‘ದಿ ಟೇಸ್ಟ್ ಆಫ್ ಕಂಟ್ರಿ ಕುಕಿಂಗ್’ ಪುಸ್ತಕದಲ್ಲಿ ಅಡುಗೆಗಳು ಋತುಮಾನದ ಪ್ರಕಾರ ಬರುತ್ತವೆ. ವಸಂತದ ಮೊದಲ ಕಾಡುಸೊಪ್ಪು, ಗೋಧಿ ಕೊಯ್ಲಿನ ದಿನದ ಮಧ್ಯಾಹ್ನದ ಊಟ, ಡಿಸೆಂಬರ್‌ನಲ್ಲಿ ಹಂದಿ ಕಡಿಯುವ ದಿನ. ಅಳತೆಯ ಚಮಚವಿಲ್ಲದ ಮನೆಯಲ್ಲಿ ಬೇಕಿಂಗ್ ಪೌಡರನ್ನು ನಾಣ್ಯದ ಮೇಲೆ ತೆಗೆದು ಅಳೆಯುತ್ತಿದ್ದರು. ಒಲೆಯೊಳಗಿನ ಕೇಕು ಬೆಂದಿತೇ ಎಂದು ತಿಳಿಯಲು ಕಿವಿಗೊಟ್ಟು ಸದ್ದು ಕೇಳುವುದನ್ನೂ ಆಕೆ ಹೇಳುತ್ತಾಳೆ. ಒಗ್ಗರಣೆಯ ಸಾಸಿವೆ ಸಿಡಿಯುವುದನ್ನು ಪಕ್ಕದ ಕೋಣೆಯಿಂದಲೇ ಕೇಳಿ ಇನ್ನು ಕರಿಬೇವು ಹಾಕು ಎನ್ನುವ ಅಜ್ಜಿಯಂದಿರನ್ನು ಕಂಡವರಿಗೆ ಇದೇನೂ ಸೋಜಿಗವಲ್ಲ.

ಲೂಯಿಸ್ ಬರೆಯುವ ಬಾಲ್ಯದಲ್ಲಿ ಊಟ ಎಂದರೆ ಕೆಲಸ. ಮಕ್ಕಳು ಕಾಳು ಬಿಡಿಸಬೇಕು, ಹಣ್ಣು ಆಯಬೇಕು, ಸೌದೆ ತರಬೇಕು. ಬೇಸಿಗೆಯ ಸಂಜೆ ಜಗಲಿಯಲ್ಲಿ ಕೂತು ಮಡಿಲ ತುಂಬ ಅಲಸಂದೆ ಕಾಯಿ ಬಿಡಿಸಿದ ನೆನಪು ದಕ್ಷಿಣದ ಹೆಚ್ಚುಕಡಿಮೆ ಪ್ರತಿಯೊಬ್ಬ ಲೇಖಕರಲ್ಲೂ ಬರುತ್ತದೆ. ದೊಡ್ಡವರ ಮಾತುಕತೆ, ಊರ ಸುದ್ದಿ, ಸತ್ತವರ ಕಥೆ ಮಕ್ಕಳ ಕಿವಿಗೆ ಬೀಳುತ್ತಿದ್ದುದು ಅಲ್ಲೇ. ಕಬ್ಬಿಣದ ಬಾಣಲೆಯನ್ನು ಪಳಗಿಸುವುದು ಹೇಗೆ, ಅದಕ್ಕೆ ಸೋಪು ಮುಟ್ಟಿಸಬಾರದೇಕೆ ಎಂಬ ಪಾಠವೂ ಆಗ ಸಿಗುತ್ತಿತ್ತು. ಅಜ್ಜಿಯ ಬಾಣಲೆ ಯಾವ ಮೊಮ್ಮಗಳಿಗೆ ಎಂಬುದರ ಮೇಲೆ ಮನೆ ಮುರಿದದ್ದೂ ಉಂಟಂತೆ. ದೋಸೆ ಕಾವಲಿಯನ್ನು ಸೊಸೆಯ ಕೈಗೆ ಕೊಡಲು ಮನಸ್ಸಿಲ್ಲದ ಅತ್ತೆಯರನ್ನು ನಾನೂ ಬಲ್ಲೆ.

ಈ ಚಿತ್ರ ಸುಳ್ಳೇನಲ್ಲ. ಆದರೆ ಫ್ರೀಟೌನಿನವರು ಸ್ವಂತ ನೆಲದಲ್ಲಿ ಬೆಳೆದುಕೊಂಡವರು ಎನ್ನುವುದನ್ನು ಮರೆಯಬಾರದು. ನೆಲವಿಲ್ಲದವರ ಬಾಲ್ಯವನ್ನು ತಿಳಿಯಬೇಕಾದರೆ ರಿಚರ್ಡ್ ರೈಟ್‌ನನ್ನು ಓದಬೇಕು. 1908ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದ ರೈಟ್‌ನ ಆತ್ಮಕಥೆ ‘ಬ್ಲ್ಯಾಕ್ ಬಾಯ್’ (1945) ಪುಟಪುಟದಲ್ಲೂ ಹಸಿವಿನ ಪುಸ್ತಕ. ತಂದೆ ಬಿಟ್ಟುಹೋದ ಮೇಲೆ ಆ ಮಗುವಿಗೆ ಅಪ್ಪನ ನೆನಪೂ ಹಸಿವೂ ಒಂದಕ್ಕೊಂದು ಗಂಟುಬೀಳುತ್ತವೆ. ಅದರಲ್ಲೊಂದು ಭಾನುವಾರದ ಊಟದ ಪ್ರಸಂಗವಿದೆ. ಪಾದ್ರಿ ಮನೆಗೆ ಬಂದಿದ್ದಾನೆ, ಮೇಜಿನ ಮೇಲೆ ಹುರಿದ ಕೋಳಿ ಇದೆ. ಹುಡುಗ ಮೊದಲು ಸೂಪು ಮುಗಿಸಬೇಕು, ಆಮೇಲೆ ಕೋಳಿ. ಸೂಪು ಗಂಟಲಲ್ಲಿ ಇಳಿಯುತ್ತಿಲ್ಲ, ತಟ್ಟೆಯಲ್ಲಿ ಕೋಳಿಯ ತುಂಡುಗಳು ಒಂದೊಂದಾಗಿ ಮಾಯವಾಗುತ್ತಿವೆ. ಕೊನೆಗೆ ಹುಡುಗ ತಡೆಯಲಾರದೆ ಪಾದ್ರಿ ಎಲ್ಲವನ್ನೂ ತಿಂದುಬಿಡುತ್ತಾನೆ ಎಂದು ಚೀರಿ ಎದ್ದು ಓಡುತ್ತಾನೆ. ಪಾದ್ರಿ ನಗುತ್ತಾನೆ, ತಾಯಿ ಊಟವನ್ನೇ ತಪ್ಪಿಸುತ್ತಾಳೆ.

ಆ ಕೋಳಿಗೆ ದಕ್ಷಿಣದವರು ಪ್ರೀತಿಯಿಂದ ಇಟ್ಟ ಹೆಸರೇ ‘ಸುವಾರ್ತೆಯ ಹಕ್ಕಿ’. ಅದು ಭಾನುವಾರ ಮಾತ್ರ ಮಾಡುವ ಅಡುಗೆ. ಒಳ್ಳೆಯ ತುಂಡು ಪಾದ್ರಿಗೆ, ನಂತರ ಗಂಡಸರಿಗೆ, ಕುತ್ತಿಗೆಯೋ ರೆಕ್ಕೆಯೋ ಮಕ್ಕಳಿಗೆ. ವಾರದ ಮಿಕ್ಕ ದಿನಗಳಲ್ಲಿ ಸೊಪ್ಪು, ಕಾಳು, ಮೆಕ್ಕೆಜೋಳದ ರೊಟ್ಟಿ, ರುಚಿಗೊಂದು ಚೂರು ಉಪ್ಪುಹಾಕಿದ ಹಂದಿಯ ಕೊಬ್ಬು. ಹಬ್ಬಕ್ಕೂ ದಿನಕ್ಕೂ ನಡುವಿನ ಈ ಅಂತರವನ್ನು ಕಣ್ಣಲ್ಲಿಟ್ಟುಕೊಳ್ಳದೆ ದಕ್ಷಿಣದ ಊಟದ ಬಗ್ಗೆ ಏನು ಹೇಳಿದರೂ ಅರ್ಧವಾಗುತ್ತದೆ ಎಂದು ನನಗನ್ನಿಸಿದೆ. ಇಂದು ‘ಸದರ್ನ್ ಫುಡ್’ ಎಂದು ಫಲಕ ಹಾಕಿಕೊಂಡ ಹೋಟೆಲುಗಳು ಬಡಿಸುವುದೆಲ್ಲ ಭಾನುವಾರವನ್ನೇ. ಸೋಮವಾರದಿಂದ ಶನಿವಾರದವರೆಗಿನ ಆರು ದಿನಗಳು ಮೆನುವಿನ ಮೂಲೆಯಲ್ಲಿ ‘ಜೊತೆಗೆ ಕೊಡುವವು’ ಆಗಿ ಕೂತಿವೆ.

ಆ ಆರು ದಿನಗಳ ಊಟ ಕೆಲವರನ್ನು ಕೊಂದೂ ಹಾಕಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣವನ್ನು ಕಾಡಿದ ಪೆಲಾಗ್ರ ಎಂಬ ರೋಗದ ಚರಿತ್ರೆಯನ್ನು ಅಕ್ಕರೆಯ ಪುಸ್ತಕಗಳು ಬೇಗ ದಾಟಿಹೋಗುತ್ತವೆ. ಮೊದಲು ಚರ್ಮ ಬಿಸಿಲಿಗೆ ಸುಟ್ಟಂತೆ ಸುಲಿಯುತ್ತದೆ, ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮಣೆ, ಕೊನೆಗೆ ಸಾವು. 1940ರವರೆಗೆ ಸುಮಾರು 30 ಲಕ್ಷ ಜನರಿಗೆ ಅದು ತಗುಲಿ, 1 ಲಕ್ಷದಷ್ಟು ಮಂದಿ ಸತ್ತರು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಅದು ಸೋಂಕು ಎಂದೇ ವೈದ್ಯರು ನಂಬಿದ್ದರು. 1914ರಲ್ಲಿ ಸರ್ಕಾರ ಕಳಿಸಿದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳಿಗೂ ಹುಚ್ಚಾಸ್ಪತ್ರೆಗಳಿಗೂ ಹೋಗಿ ನೋಡಿದ. ಒಳಗಿದ್ದವರಿಗೆ ರೋಗ ಬಂದಿತ್ತು, ಅವರ ಜೊತೆಯೇ ಓಡಾಡುವ ಸಿಬ್ಬಂದಿಗೆ ಬಂದಿರಲಿಲ್ಲ. ಹಾಗಾದರೆ ವ್ಯತ್ಯಾಸ ತಟ್ಟೆಯಲ್ಲೇ ಇರಬೇಕು. ಮಿಸಿಸಿಪಿಯ ಅನಾಥ ಮಕ್ಕಳಿಗೆ ಹಾಲು, ಮಾಂಸ, ಮೊಟ್ಟೆ ಕೊಟ್ಟಾಗ ರೋಗ ಹೋಯಿತು. 1915ರಲ್ಲಿ ಅದೇ ರಾಜ್ಯದ ರ್ಯಾಂಕಿನ್ ಸೆರೆಮನೆಯ ಹೊಲದಲ್ಲಿ, ಬಿಡುಗಡೆಯ ಮಾತು ಪಡೆದ ಕೈದಿಗಳಿಗೆ ಮೆಕ್ಕೆಜೋಳ, ಅಕ್ಕಿ, ಕಾಕಂಬಿಯಂಥ ಬಡವರ ಊಟವನ್ನಷ್ಟೇ ತಿಂಗಳುಗಟ್ಟಲೆ ಹಾಕಿಸಿದಾಗ ಆರು ಮಂದಿಗೆ ರೋಗ ಬಂತು. ಆದರೂ ನಂಬದವರ ಬಾಯಿ ಮುಚ್ಚಿಸಲು ಗೋಲ್ಡ್‌ಬರ್ಗರ್ ರೋಗಿಗಳ ರಕ್ತವನ್ನು ತನಗೇ ಚುಚ್ಚಿಸಿಕೊಂಡ, ಅವರ ಚರ್ಮದ ಹೊಪ್ಪಳೆಯನ್ನು ಹಿಟ್ಟಿನಲ್ಲಿ ಉಂಡೆಕಟ್ಟಿ ನುಂಗಿದ. ಹೆಂಡತಿಯೂ ಜೊತೆಗೂಡಿದಳು. ಏನೂ ಆಗಲಿಲ್ಲ.

ಕಾರಣ ಹೊಲದಲ್ಲಿತ್ತು. ಕೋರಿಗೆ ಉಳುವವರ ಗುಡಿಸಲಿನ ಹೊಸ್ತಿಲವರೆಗೂ ಯಜಮಾನ ಹತ್ತಿ ಬಿತ್ತಿಸುತ್ತಿದ್ದ. ಸೊಪ್ಪಿನ ಮಡಿಗೆ, ಹಸುವಿಗೆ ಜಾಗವಿರಲಿಲ್ಲ. ದಿನಸಿಯೆಲ್ಲ ಯಜಮಾನನ ಅಂಗಡಿಯಿಂದ, ಸಾಲದ ಲೆಕ್ಕದಲ್ಲಿ: ಹಂದಿಯ ಕೊಬ್ಬು, ಯಂತ್ರದಲ್ಲಿ ಮೊಳೆಯುವ ಭಾಗವನ್ನು ಕಳೆದ ಮೆಕ್ಕೆಜೋಳದ ಹಿಟ್ಟು, ಕಾಕಂಬಿ. ಮೆಕ್ಕೆಜೋಳವನ್ನು ಮೊದಲು ಬೆಳೆದ ಮೂಲನಿವಾಸಿಗಳು ಅದನ್ನು ಸುಣ್ಣದ ನೀರಿನಲ್ಲೋ ಬೂದಿನೀರಿನಲ್ಲೋ ಬೇಯಿಸುತ್ತಿದ್ದುದಕ್ಕೆ ಅರ್ಥವಿತ್ತು. ಹಾಗೆ ಮಾಡಿದರೆ ಕಾಳಿನೊಳಗೆ ಸಿಕ್ಕಿಕೊಂಡ ನಯಾಸಿನ್ ಎಂಬ ಜೀವಸತ್ವ ಬಿಡುಗಡೆಯಾಗುತ್ತದೆ. ಧಾನ್ಯವನ್ನು ಕಲಿತವರು ಸುಣ್ಣವನ್ನು ಕಲಿಯಲಿಲ್ಲ. ರೋಗ ತಡೆಯುವ ಪದಾರ್ಥ ನಯಾಸಿನ್ ಎಂದು ಕಾನ್ರಾಡ್ ಎಲ್ವೆಹೆಮ್ ತೋರಿಸಿದ್ದು 1937ರಲ್ಲಿ; ಗೋಲ್ಡ್‌ಬರ್ಗರ್ 1929ರಲ್ಲೇ ತೀರಿಕೊಂಡಿದ್ದ. ಈ ಕಥೆಗೆ ನಮ್ಮ ಕಡೆಯೂ ಒಂದು ಎಳೆ ಇದೆ. ಜೋಳವನ್ನೇ ನಂಬಿದ ದಖ್ಖನಿನ ಬಡವರಲ್ಲೂ ಪೆಲಾಗ್ರ ಕಾಣಿಸಿಕೊಳ್ಳುತ್ತಿತ್ತು; ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಸಂಗಡಿಗರು ಜೋಳದಲ್ಲಿನ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು 1960ರಲ್ಲಿ ವಾದ ಮುಂದಿಟ್ಟರು. ರೊಟ್ಟಿಯ ಪಕ್ಕದಲ್ಲಿ ಬೇಳೆಯ ಪಲ್ಯವೋ ಮೊಸರೋ ಶೇಂಗಾ ಹಿಂಡಿಯೋ ಇದ್ದವರು ಬಚಾವಾದರು.

1921ರಲ್ಲಿ ಪೆಲಾಗ್ರ ಮತ್ತೆ ಏರುತ್ತಿದೆ, ದಕ್ಷಿಣಕ್ಕೆ ನೆರವು ಬೇಕು ಎಂದು ವಾಷಿಂಗ್ಟನ್ನಿನಿಂದ ಮಾತು ಬಂದಾಗ ದಕ್ಷಿಣದ ರಾಜಕಾರಣಿಗಳಿಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ಬರಗಾಲವೇ, ಇದು ನಮ್ಮ ನಾಡಿಗೆ ಮಾಡಿದ ಅವಮಾನ ಎಂದು ಕೂಗೆದ್ದಿತು. ಸಮೃದ್ಧಿಯ ಊಟದ ಹೆಮ್ಮೆ ಅಷ್ಟು ಗಟ್ಟಿಯಾಗಿತ್ತು. ಹೊಟ್ಟೆ ಹಸಿದಿದೆ ಎಂದು ಒಪ್ಪಿಕೊಳ್ಳಲೂ ಅದು ಬಿಡಲಿಲ್ಲ. ಅತಿಥಿ ಬಂದಾಗ ಮನೆಯಲ್ಲಿ ಏನಿಲ್ಲದಿದ್ದರೂ ಎಲ್ಲ ಇರುವಂತೆ ನಡೆದುಕೊಳ್ಳುವ ತಾಯಂದಿರ ಮರ್ಯಾದೆಗೂ ಇದಕ್ಕೂ ಬೇರು ಒಂದೇ ಎನ್ನಿಸುತ್ತದೆ. ಮನೆಯಲ್ಲಿ ಅದು ಚೆಂದ, ವಿಧಾನಸಭೆಯಲ್ಲಿ ಅಲ್ಲ.

ಇನ್ನು ಬೆಳೆಗಳ ಮಾತು. ಈ ಅಡುಗೆಯನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಕಳೆದ ನಾಲ್ಕು ದಶಕಗಳಲ್ಲಿ ಉತ್ತರವೇ ಬದಲಾಗಿದೆ. ಅಲಸಂದೆ, ಬೆಂಡೆ, ಕಲ್ಲಂಗಡಿ ಆಫ್ರಿಕದಿಂದ ಗುಲಾಮರ ಹಡಗುಗಳ ದಾರಿಯಲ್ಲೇ ಬಂದವು. ಬೆಂಡೆಗೆ ಬಂಟು ಭಾಷೆಗಳಲ್ಲಿದ್ದ ಹೆಸರಿನಿಂದಲೇ ‘ಗಂಬೋ’ ಹುಟ್ಟಿತು, ಕಡಲೆಕಾಯಿಗೆ ದಕ್ಷಿಣದಲ್ಲಿರುವ ‘ಗೂಬರ್’ ಎಂಬ ಹೆಸರು ಕಾಂಗೋ ಕಡೆಯದು. ಚಾರ್ಲ್ಸ್‌ಟನ್ನಿನಲ್ಲಿ ಎಳ್ಳಿಗೆ ಇಂದಿಗೂ ಪಶ್ಚಿಮ ಆಫ್ರಿಕದ ‘ಬೆನ್ನೆ’ ಎಂಬ ಹೆಸರೇ ಇದೆ. ಎಳ್ಳು ಮೊದಲು ಬೆಳೆಯಾದದ್ದು ಭಾರತ ಉಪಖಂಡದಲ್ಲಿ. ಇಲ್ಲಿಂದ ಆಫ್ರಿಕಕ್ಕೆ, ಅಲ್ಲಿಂದ ಕೆರೊಲಿನಾಕ್ಕೆ ಹೋಯಿತು. ಅತ್ತಕಡೆ ರಾಗಿ, ಜೋಳ, ಅಲಸಂದೆ ಆಫ್ರಿಕದಿಂದ ಸಾವಿರಾರು ವರ್ಷಗಳ ಹಿಂದೆಯೇ ನಮ್ಮಲ್ಲಿಗೆ ಬಂದಿದ್ದವು. ಆ ಲೆಕ್ಕದಲ್ಲಿ ನಮ್ಮ ಮುದ್ದೆಗೂ ಅವರ ಅಲಸಂದೆ ಅನ್ನಕ್ಕೂ ತೌರು ಒಂದೇ.

ಕೆರೊಲಿನಾದ ಭತ್ತದ ವಿಚಾರಕ್ಕೆ ವಿದ್ವಾಂಸರು ಕಚ್ಚಾಡಿದ್ದಾರೆ. ಉಬ್ಬರವಿಳಿತದ ನೀರನ್ನು ತೂಬಿನಲ್ಲಿ ಹಿಡಿದು ಬಿಡುವ ಆ ಬೇಸಾಯದ ವಿದ್ಯೆ ಪಶ್ಚಿಮ ಆಫ್ರಿಕದಿಂದ ತಂದ ಗುಲಾಮರದು ಎಂದು ಜೂಡಿತ್ ಕಾರ್ನಿ 2001ರ ‘ಬ್ಲ್ಯಾಕ್ ರೈಸ್’ನಲ್ಲಿ ವಾದಿಸಿದರು. ಹಡಗುಗಳ ದಾಖಲೆ ಅಷ್ಟು ದೊಡ್ಡ ಮಾತನ್ನು ಹೊರಲಾರದು ಎಂದು ಡೇವಿಡ್ ಎಲ್ಟಿಸ್ ಮತ್ತಿಬ್ಬರು ಇತಿಹಾಸಕಾರರು 2007ರಲ್ಲಿ ತಿರುಗಿಬಿದ್ದರು. ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಆದರೆ ಅನ್ನವನ್ನು ಉದುರುದುರಾಗಿ ಬೇಯಿಸಿ, ಅಲಸಂದೆಯ ಜೊತೆ ಕೂಡಿಸಿ ‘ಹಾಪಿನ್ ಜಾನ್’ ಮಾಡಿದ ಕೈ ಯಾವುದು ಎಂಬುದರಲ್ಲಿ ಎರಡು ಮಾತಿಲ್ಲ. ಹೊಸ ವರ್ಷದ ದಿನ ದಕ್ಷಿಣದ ಮನೆಗಳಲ್ಲಿ ಕರಿಯರು, ಬಿಳಿಯರು ಎನ್ನದೆ ಅದನ್ನು ತಿನ್ನುತ್ತಾರೆ. ಕಾಳು ಚಿಲ್ಲರೆ ಕಾಸು, ಜೊತೆಗಿನ ಕಾಲರ್ಡ್ ಸೊಪ್ಪು ನೋಟು. ತಿಂದರೆ ವರ್ಷವಿಡೀ ಕೈಯಲ್ಲಿ ದುಡ್ಡು ಓಡಾಡುತ್ತದಂತೆ. ಬೇವು ಬೆಲ್ಲದ ಹಾಗೆ ಕಹಿಯನ್ನೂ ಎದುರಿಗಿಡುವ ಗೋಜಿಗೆ ಅವರು ಹೋಗಿಲ್ಲ.

ನಮ್ಮ ಕಡೆಯಿಂದ ಹೋದ ಇನ್ನೊಂದು ಪದಾರ್ಥವೂ ಆ ಅಡುಗೆಮನೆಯಲ್ಲಿದೆ. 1824ರ ಮೇರಿ ರ್ಯಾಂಡಾಲ್ಫ್ ಅವರ ‘ದಿ ವರ್ಜೀನಿಯಾ ಹೌಸ್‌ವೈಫ್’ನಲ್ಲಿ ಬೆಂಡೆಕಾಯಿಯ ಪಕ್ಕದಲ್ಲೇ ಇಂಡಿಯಾದ ರೀತಿಯ ಕರಿ ಮಾಡುವ ವಿಧಾನ ಇದೆ. ಕರಿಪುಡಿ ಹಾಕಿದ ‘ಕಂಟ್ರಿ ಕ್ಯಾಪ್ಟನ್’ ಎಂಬ ಕೋಳಿಯನ್ನು ಜಾರ್ಜಿಯಾದವರು ತಮ್ಮದೇ ಎನ್ನುತ್ತಾರೆ.

ಮೇರಿ ರ್ಯಾಂಡಾಲ್ಫ್ ಬಿಳಿಯ ಯಜಮಾನಿ. ಬಾಣಲೆ ಹಿಡಿದವರು ಆಕೆಯ ಗುಲಾಮರು. ಕಪ್ಪು ಹೆಂಗಸೊಬ್ಬಳು ತನ್ನ ಹೆಸರಿನಲ್ಲಿ ಅಡುಗೆ ಪುಸ್ತಕ ತಂದದ್ದು, ಈಗ ತಿಳಿದಿರುವಂತೆ, 1866ರಲ್ಲಿ; ಆಕೆ ಮಲಿಂಡಾ ರಸೆಲ್. 1881ರಲ್ಲಿ ಓದುಬರಹ ಬಾರದ ಆ್ಯಬಿ ಫಿಷರ್ ಹೇಳಿ ಬರೆಸಿದಳು. ಉಳಿದಂತೆ ನೂರು ವರ್ಷ ‘ಅಮ್ಮನ ಅಡುಗೆ’ ಎಂದು ಅಚ್ಚಾದ ಬಹಳಷ್ಟು ಅಡುಗೆ ಮನೆಯ ಕೆಲಸದಾಕೆಯ ಅಡುಗೆ. 1950ರ ಪ್ರಸಿದ್ಧ ‘ಚಾರ್ಲ್ಸ್‌ಟನ್ ರಿಸೀಟ್ಸ್’ನಲ್ಲಿ ಪ್ರತಿ ವಿಧಾನದ ಕೆಳಗೂ ಊರ ಪ್ರತಿಷ್ಠಿತ ಮನೆಗಳ ಗೃಹಿಣಿಯರ ಹೆಸರು, ಕಪ್ಪು ಅಡುಗೆಯವರ ಗಲ್ಲಾ ಭಾಷೆ ಮಾತ್ರ ನಡುನಡುವೆ ಅಲಂಕಾರವಾಗಿ ಬರುತ್ತದೆ. ಟೋನಿ ಟಿಪ್ಟನ್ ಮಾರ್ಟಿನ್ ಅವರ ‘ದಿ ಜೆಮೈಮಾ ಕೋಡ್’ (2015), ಮೈಕೆಲ್ ಟ್ವಿಟಿ ಅವರ ‘ದಿ ಕುಕಿಂಗ್ ಜೀನ್’ (2017) ಈ ಅಳಿಸಿಹೋದ ಹೆಸರುಗಳನ್ನು ಹುಡುಕಿ ಹೊರಟ ಪುಸ್ತಕಗಳು.

ಇಂಥ ಅಡುಗೆಮನೆಯಲ್ಲಿ ಬೆಳೆದ ಬಿಳಿಯ ಮಗು ಕಲಿತದ್ದೇನು? ಕ್ರೇಗ್ ಕ್ಲೇಬರ್ನ್ 1920ರಲ್ಲಿ ಮಿಸಿಸಿಪಿಯ ಸನ್‌ಫ್ಲವರ್‌ನಲ್ಲಿ ಹುಟ್ಟಿ, ತಾಯಿ ನಡೆಸುತ್ತಿದ್ದ ಊಟದ ಮನೆಯಲ್ಲಿ ಬೆಳೆದು, 1957ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನ ಆಹಾರ ಸಂಪಾದಕನಾದ. ಜಗತ್ತಿನ ಅಡುಗೆಯನ್ನೆಲ್ಲ ಅಮೆರಿಕಕ್ಕೆ ಪರಿಚಯಿಸಿದವನ ನಾಲಗೆ ತಯಾರಾದದ್ದು ಕಪ್ಪು ಅಡುಗೆಯವರಿದ್ದ ಆ ಅಡುಗೆಮನೆಯಲ್ಲಿ. ಇನ್ನೊಂದು ಉತ್ತರ ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ (1960) ಕಾದಂಬರಿಯಲ್ಲಿದೆ. ಊಟಕ್ಕೆ ಬಂದ ಬಡ ಹುಡುಗ ತಟ್ಟೆಯ ತುಂಬ ಕಾಕಂಬಿ ಸುರಿದುಕೊಂಡಾಗ ಪುಟ್ಟ ಸ್ಕೌಟ್ ಆಡಿಕೊಳ್ಳುತ್ತಾಳೆ. ಅಡುಗೆಯ ಕ್ಯಾಲ್ಪುರ್ನಿಯಾ ಅವಳನ್ನು ಒಳಗೆ ಕರೆದು ಜಾಡಿಸಿ, ಅತಿಥಿ ಹೇಗೆ ಉಂಡರೂ ಅತಿಥಿಯೇ ಎಂದು ತಿಳಿಹೇಳಿ, ತಟ್ಟೆ ಸಮೇತ ಅಡುಗೆಮನೆಯಲ್ಲೇ ಕೂರಿಸುತ್ತಾಳೆ. ಊಟದ ಮರ್ಯಾದೆಯನ್ನು ಕಲಿಸುವವಳು ಕಪ್ಪು ಹೆಂಗಸು. ಆ ಮೇಜಿಗೆ ಅವಳೇ ಅತಿಥಿಯಾಗಿ ಬರುವಂತಿಲ್ಲ.

ಈ ಗಂಟನ್ನು ಲಿಲಿಯನ್ ಸ್ಮಿತ್ ‘ಕಿಲ್ಲರ್ಸ್ ಆಫ್ ದ ಡ್ರೀಮ್’ (1949) ಪುಸ್ತಕದಲ್ಲಿ ಬಿಚ್ಚಿಟ್ಟಳು. ಆಕೆಯ ಬಾಲ್ಯದಲ್ಲಿ ಬೆಳ್ಳಗಿನ ಹುಡುಗಿಯೊಬ್ಬಳನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಒಟ್ಟಿಗೆ ಮಲಗಿ, ಒಟ್ಟಿಗೆ ಉಂಡು ಕೆಲವು ವಾರಗಳಾದ ಮೇಲೆ ಹುಡುಗಿಯದು ಕಪ್ಪು ವಂಶ ಎಂದು ತಿಳಿಯಿತು, ಕೂಡಲೇ ಕಳಿಸಿಬಿಟ್ಟರು. ನಿನ್ನೆ ಜೊತೆಗೆ ಉಂಡವಳು ಇಂದು ಏಕಾಗದು ಎಂಬ ಮಗುವಿನ ಪ್ರಶ್ನೆಗೆ ತಾಯಿಯಲ್ಲಿ ಉತ್ತರವಿರಲಿಲ್ಲ. ಅಡುಗೆಯಾಕೆಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದ ಮನೆಗಳ ವಿವರ ಓದುವಾಗ ನಮ್ಮ ಹಳ್ಳಿ ಹೋಟೆಲುಗಳ ಎರಡು ಲೋಟ ಪದ್ಧತಿಯನ್ನು ಬಲ್ಲವರು ಬೆಚ್ಚುವುದಿಲ್ಲ, ತಲೆ ತಗ್ಗಿಸುತ್ತಾರೆ. ಆದರೆ ಒಂದು ವ್ಯತ್ಯಾಸ ಇದೆ. ನಮ್ಮಲ್ಲಿ ಮುಟ್ಟಬಾರದವರು ಬೇಯಿಸಿದ್ದನ್ನೂ ತಿನ್ನುತ್ತಿರಲಿಲ್ಲ; ಅಲ್ಲಿ ಬೇಯಿಸಿದ್ದನ್ನು ಬೆರಳು ನೆಕ್ಕಿ ತಿನ್ನುವವರು ಬೇಯಿಸಿದವಳ ಪಕ್ಕದಲ್ಲಿ ಕೂರಲು ಮಾತ್ರ ಒಪ್ಪುತ್ತಿರಲಿಲ್ಲ.

ಹಾಗಾಗಿ ಕಪ್ಪು ಜನರ ಹಕ್ಕಿನ ಹೋರಾಟ ಊಟದ ಕಟ್ಟೆಗೇ ಬಂದು ಕೂತದ್ದು ಆಕಸ್ಮಿಕವೇನಲ್ಲ. 1960ರ ಫೆಬ್ರುವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಬೇರೆ ಕೌಂಟರಿನಲ್ಲಿ ಸಾಮಾನು ಕೊಂಡು, ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಬ್ರಷ್ಷು, ಪೇಸ್ಟು ಮಾರಬಹುದಾದವರಿಗೆ ಕಾಫಿ ಕೊಡುವಂತಿರಲಿಲ್ಲ. ಕಪ್ಪು ಗಿರಾಕಿಗೆ ಕೊಡಲು ಆರು ತಿಂಗಳು ಹಿಡಿಯಿತು. ಬರ್ಮಿಂಗ್‌ಹ್ಯಾಮಿನ ‘ಆಲೀಸ್ ಬಾರ್ಬೆಕ್ಯೂ’ ಹೋಟೆಲಿನಲ್ಲಿ 36 ಕೆಲಸಗಾರರಲ್ಲಿ ಮೂರನೇ ಎರಡು ಪಾಲು ಕಪ್ಪು ಜನ, ಕಪ್ಪು ಗಿರಾಕಿಗೆ ಮಾತ್ರ ಕಟ್ಟಿಸಿಕೊಂಡು ಹೋಗುವ ಸೌಲಭ್ಯ. ಆ ಹೋಟೆಲು ಕೊಳ್ಳುವ ಮಾಂಸ ಹೊರರಾಜ್ಯದಿಂದ ಬರುವುದರಿಂದ, ಹೋಟೆಲುಗಳಲ್ಲಿ ಬಣ್ಣದ ಭೇದ ಮಾಡಬಾರದೆಂಬ ಒಕ್ಕೂಟದ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 1964ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. ಮನುಷ್ಯರ ಘನತೆಯನ್ನು ಮಾಂಸದ ಸಾಗಣೆಯ ಲೆಕ್ಕದಿಂದ ಸಾಧಿಸಬೇಕಾಯಿತು.

ಅದಕ್ಕೂ ಮುನ್ನ ಪ್ರಯಾಣ ಹೊರಟ ಕಪ್ಪು ಕುಟುಂಬಗಳು ಚಪ್ಪಲಿ ಡಬ್ಬಿಯಲ್ಲಿ ಹುರಿದ ಕೋಳಿ, ಬ್ರೆಡ್ಡು, ಕೇಕು ಕಟ್ಟಿಕೊಂಡು ಹೋಗುತ್ತಿದ್ದವು. ದಾರಿಯ ಹೋಟೆಲು ಒಳಗೆ ಬಿಡುವುದಿಲ್ಲ ಎಂದು ಮಕ್ಕಳಿಗೆ ಹೇಳದೆ ಇದು ವನಭೋಜನ ಎಂದು ನಂಬಿಸಿದ ತಾಯಂದಿರಿದ್ದರು. ಆ ಮಕ್ಕಳು ದೊಡ್ಡವರಾಗಿ ತಣ್ಣಗಿನ ಕೋಳಿಯ ರುಚಿಯನ್ನು ಹೊಗಳುವಾಗ ಅದರಲ್ಲಿ ಅಕ್ಕರೆ ಎಷ್ಟು, ಅವಮಾನ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ.

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಉತ್ತರಕ್ಕೂ ಪಶ್ಚಿಮಕ್ಕೂ ಹೋದರು. ದುಡ್ಡು ಬಂತು, ತೋಟ ಹೋಯಿತು. ಭಾನುವಾರದ ಅಡುಗೆ ಯಾವ ದಿನ ಬೇಕಾದರೂ ಸಿಗತೊಡಗಿತು. ಅರವತ್ತರ ದಶಕದಲ್ಲಿ ಅದಕ್ಕೆ ‘ಸೋಲ್ ಫುಡ್’ ಎಂಬ ಹೆಮ್ಮೆಯ ಹೆಸರು ಬಂತು. ಎಲ್ಲರೂ ಒಪ್ಪಲಿಲ್ಲ. ಕಪ್ಪು ಮುಸ್ಲಿಮರ ಸಂಘಟನೆಯಾದ ನೇಷನ್ ಆಫ್ ಇಸ್ಲಾಮ್‌ನ ಎಲೈಜಾ ಮುಹಮ್ಮದ್ 1967ರ ತನ್ನ ಪುಸ್ತಕದಲ್ಲಿ ಹಂದಿಯ ಜೊತೆಗೆ ಅಲಸಂದೆ, ಕಾಲರ್ಡ್ ಸೊಪ್ಪು, ಮೆಕ್ಕೆಜೋಳದ ರೊಟ್ಟಿಯನ್ನೂ ಗುಲಾಮರ ಊಟವೆಂದು ನಿಷೇಧಿಸಿದ. ಸೊಪ್ಪು ಮತ್ತು ಕಾಳನ್ನು ಬೈದದ್ದು ಮಾತ್ರ ನನಗೆ ತಪ್ಪೆನಿಸುತ್ತದೆ. ಆ ಅಡುಗೆಯಲ್ಲಿ ಮೈಗೆ ಒಳ್ಳೆಯದೆನ್ನುವುದೆಲ್ಲ ಅವೇ.

ವೈದ್ಯರ ಉತ್ತರವನ್ನು ಇಲ್ಲಿಟ್ಟು ನೋಡಬೇಕು. ಅಲಬಾಮ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಶಾಖೆ 2003ರಿಂದ ನಡೆಸುತ್ತಿರುವ ‘ರಿಗಾರ್ಡ್ಸ್’ ಅಧ್ಯಯನದಲ್ಲಿ 45 ವರ್ಷ ದಾಟಿದ 30,000ಕ್ಕೂ ಹೆಚ್ಚು ಜನರಿದ್ದಾರೆ. ಕರಿದದ್ದು, ಸೇರಿಸಿದ ಕೊಬ್ಬು, ಸಂಸ್ಕರಿಸಿದ ಮಾಂಸ, ಮೊಟ್ಟೆ, ಸಕ್ಕರೆಯ ಪಾನೀಯ ತುಂಬಿದ ಊಟವನ್ನು ಅವರು ‘ದಕ್ಷಿಣದ ಮಾದರಿ’ ಎಂದು ಕರೆದರು. ಅದನ್ನು ಅತಿ ಹೆಚ್ಚು ತಿನ್ನುವವರಿಗೆ ಹೃದಯಾಘಾತದಂಥ ತೊಂದರೆಯ ಅಪಾಯ ಶೇಕಡಾ 56ರಷ್ಟು ಜಾಸ್ತಿ ಎಂದು 2015ರಲ್ಲಿ ಪ್ರಕಟಿಸಿದರು. ಕಪ್ಪು ಜನರಲ್ಲಿ ರಕ್ತದೊತ್ತಡ ಹೆಚ್ಚಿರುವುದಕ್ಕೆ ಈ ಊಟವೇ ಎಲ್ಲಕ್ಕಿಂತ ದೊಡ್ಡ ಕಾರಣವಾಗಿ ಕಾಣುತ್ತದೆ ಎಂದು 2018ರಲ್ಲಿ ಹೇಳಿದರು. 2011ರಲ್ಲಿ ಗುರುತಿಸಿದ ‘ಸಕ್ಕರೆಕಾಯಿಲೆಯ ಪಟ್ಟಿ’ಯ 644 ಕೌಂಟಿಗಳು ಹೆಚ್ಚಾಗಿ ದಕ್ಷಿಣದವೇ. ಅಂಕಿಗಳ ಮೇಲೆ ನನ್ನ ತಕರಾರಿಲ್ಲ, ಹೆಸರಿನ ಮೇಲಿದೆ. ಅವರು ಅಳೆದದ್ದು ಏಳೂ ದಿನ ಭಾನುವಾರವಾದ ಊಟವನ್ನು, ಅದರ ಜೊತೆಗೆ ಬಾಟಲಿಯ ಸಿಹಿಯನ್ನು. ದಿನವೂ ಹೋಳಿಗೆ ತುಪ್ಪ ತಿಂದು ಮಧುಮೇಹ ತಂದುಕೊಂಡವನು ಕನ್ನಡ ನಾಡಿನ ಊಟವೇ ಕೆಟ್ಟದ್ದು ಎಂದರೆ ಅಕ್ಕಿರೊಟ್ಟಿ, ಹುರುಳಿಸಾರು ಏನು ಹೇಳಿಯಾವು?

ಇನ್ನೊಂದು ಬಗೆಯ ದಕ್ಷಿಣದವರು ಈಗ ಬಂದಿದ್ದಾರೆ. ಅಹಮದಾಬಾದಿನಿಂದ ಹೋದ ವಿಶ್ವೇಶ್ ಭಟ್ ಮಿಸಿಸಿಪಿಯ ಆಕ್ಸ್‌ಫರ್ಡ್ ಊರಿನಲ್ಲಿ ಬೆಂಡೆಕಾಯಿಗೂ ಗ್ರಿಟ್ಸ್ ಎಂಬ ನುಚ್ಚಿನ ಗಂಜಿಗೂ ಮಸಾಲೆ ಸೇರಿಸಿ 2019ರಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದರು. 2022ರ ತಮ್ಮ ಪುಸ್ತಕಕ್ಕೆ ‘ನಾನು ಇಲ್ಲಿಯವನು’ ಎಂಬರ್ಥದ ಹೆಸರಿಟ್ಟರು. ಕೇರಳದ ಆಶಾ ಗೋಮೆಜ್ ಅಟ್ಲಾಂಟಾದಲ್ಲಿ ಕೂತು ಬರೆದ ಪುಸ್ತಕದ ಹೆಸರೇ ‘ಮೈ ಟೂ ಸೌತ್ಸ್’. ಅಟ್ಲಾಂಟಾದ ನೃಪತುಂಗ ಕನ್ನಡ ಕೂಟದ ಮನೆಗಳಲ್ಲಿ ಬೆಳೆಯುವ ಮಕ್ಕಳು ಅಲಸಂದೆಯನ್ನು ಉಸಲಿ ಎನ್ನುತ್ತಾರೋ, ಹೊಸ ವರ್ಷದ ಅದೃಷ್ಟ ಎನ್ನುತ್ತಾರೋ, ಅವರೇ ಮುಂದೆ ಬರೆಯಬೇಕು.

ದಕ್ಷಿಣದಲ್ಲಿ ಸಾವಿನ ಮನೆಗೆ ಅಡುಗೆ ಒಯ್ಯುವುದು ಇನ್ನೂ ನಿಂತಿಲ್ಲ. ಸುದ್ದಿ ಮುಟ್ಟಿದ ಗಂಟೆಯೊಳಗೆ ಹ್ಯಾಮು, ಹುರಿದ ಕೋಳಿ, ಬಾಳೆಹಣ್ಣಿನ ಪುಡ್ಡಿಂಗು ಬಾಗಿಲಿಗೆ ಬರುತ್ತವೆ. ಪಾತ್ರೆಯ ತಳಕ್ಕೆ ಅಂಟುಪಟ್ಟಿ ಹಚ್ಚಿ ಹೆಸರು ಬರೆದಿರುತ್ತಾರೆ, ಯಾರದು ಯಾರಿಗೆ ಮರಳಬೇಕೆಂದು ತಿಳಿಯಲಿ ಎಂದು. ನಾವು ಸ್ಟೀಲು ಪಾತ್ರೆಗೆ ಹೆಸರು ಕೆತ್ತಿಸುವುದೂ ಅದಕ್ಕೇ.

ಅಲಬಾಮದ ಮಾಂಟ್‌ಗೊಮರಿಯ ಜಾರ್ಜಿಯಾ ಗಿಲ್ಮೋರ್ ಹೆಸರು ಬರೆಯದೆ ಅಡುಗೆ ಕೊಟ್ಟವಳು. 1955ರ ಡಿಸೆಂಬರಿನಲ್ಲಿ ಶುರುವಾಗಿ 381 ದಿನ ನಡೆದ, ಬಣ್ಣದ ಭೇದದ ವಿರುದ್ಧದ ಬಸ್ ಬಹಿಷ್ಕಾರಕ್ಕೆ ಹಣ ಬೇಕಿತ್ತು. ಆಕೆ ಮತ್ತು ಗೆಳತಿಯರು ಕಡುಬು, ಕೇಕು, ಕೋಳಿ ಮಾಡಿ ಮಾರಿದರು. ಗುಂಪಿಗೆ ಇಟ್ಟ ಹೆಸರು ‘ಎಲ್ಲಿಯದೂ ಅಲ್ಲದ ಕ್ಲಬ್’. ಹಣ ಎಲ್ಲಿಂದ ಬಂತೆಂದು ಕೇಳಿದರೆ ಎಲ್ಲಿಂದಲೂ ಇಲ್ಲ ಎನ್ನಬಹುದಿತ್ತು, ಕೊಂಡವರೂ ಕೊಟ್ಟವರೂ ಕೆಲಸ ಕಳೆದುಕೊಳ್ಳಬೇಕಿರಲಿಲ್ಲ. ಆಕೆಯ ಕೆಲಸ ಮಾತ್ರ ಉಳಿಯಲಿಲ್ಲ. ನ್ಯಾಯಾಲಯದಲ್ಲಿ ಬಸ್ಸಿನವರ ವಿರುದ್ಧ ಸಾಕ್ಷಿ ಹೇಳಿದ ಮೇಲೆ ಅಡುಗೆ ಮಾಡುತ್ತಿದ್ದ ಹೋಟೆಲಿನಿಂದ ಹೊರಬಿದ್ದಳು. ಮಾರ್ಟಿನ್ ಲೂಥರ್ ಕಿಂಗ್ ನೆರವಾದ, ಆಕೆ ತನ್ನ ಮನೆಯಲ್ಲೇ ಊಟ ಹಾಕತೊಡಗಿದಳು. ಆ ಮೇಜಿನ ಸುತ್ತ ಕರಿಯರೂ ಬಿಳಿಯರೂ ಭುಜಕ್ಕೆ ಭುಜ ತಾಗಿಸಿ ಕೂತು ಉಂಡರು.

1990ರ ಮಾರ್ಚಿನಲ್ಲಿ, ಮತದಾನದ ಹಕ್ಕಿಗಾಗಿ ನಡೆದ ಸೆಲ್ಮಾ ನಡಿಗೆಯ 25ನೆಯ ವರ್ಷಾಚರಣೆಗೆ ಬರುವವರಿಗೆಂದು ಗಿಲ್ಮೋರ್ ಬೆಳಗಿನಿಂದ ಕೋಳಿ ಮತ್ತು ಮ್ಯಾಕರೋನಿ ಬೇಯಿಸುತ್ತಿದ್ದಳು. ಅವತ್ತೇ ತೀರಿಕೊಂಡಳು. ಸಾವಿಗೆ ಬಂದವರಿಗೆ ಮನೆಯವರು ಅದನ್ನೇ ಬಡಿಸಿದರು.